ಬೆಸುಗೆಗೆ ಹಾಕಿದ ಅರ

ನಾನು ನಿಂತಿದ್ದದ್ದು ಶಹಾಪುರದ ಬೆಟ್ಟದ ಹಿಂಬದಿಯಲ್ಲಿ. ಕುರಿಗಳು ಇಳಿದು ಇಳಿದು ಮಾಡಿದ ದಾರಿ ಮುಗಿದು ಎರೆಹೊಲ ಶುರುವಾಗುವ ಕಡೆ ಒಂದು ದುಂಡು ಬಂಡೆಯಿದೆ, ಅದರ ಎಡಕ್ಕೆ. ಬಂಡೆಗೂ ನನಗೂ ನಡುವೆ ಎರಡು ಹೆಜ್ಜೆ. ಯುಗಾದಿ ಕಳೆದ ನಾಲ್ಕನೆಯ ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಆರು ವರ್ಷದ ಹಿಂದಿನ ಮಾತಾದರೂ ನಿಮಿಷ ಹೇಳಬಲ್ಲೆ, ಏಕೆಂದರೆ ಆಗ ಕೈಯಲ್ಲಿ ಫೋನಿತ್ತು, ಬೆರಳು ಒತ್ತಿತು, ಚಿತ್ರದೊಂದಿಗೆ ಹೊತ್ತೂ ದಾಖಲಾಯಿತು. ಚಿತ್ರದಲ್ಲಿ ಯಾರೂ ಇಲ್ಲ. ಓರೆಯಾದ ಆಕಾಶ, ಒಂದು ಕಲ್ಲು, ಮೂಲೆಯಲ್ಲಿ ನನ್ನದೇ ಹೆಬ್ಬೆರಳು.

ಹೀಗೆ ಶುರು ಮಾಡುವುದು ನನ್ನ ಕೆಲಸದ ಚಟ. ನನ್ನ ಮನೆ ಶಹಾಪುರದಲ್ಲಿ, ಸುರಪುರದ ಒಂದು ಕಚೇರಿಯಲ್ಲಿ ಕಾರಕೂನ. ಗೋಡೆ ಬಿದ್ದಲ್ಲಿಗೆ, ಬಣವೆ ಸುಟ್ಟಲ್ಲಿಗೆ ಸಾಹೇಬರ ಹಿಂದೆ ಹೋಗಿ ಪಂಚನಾಮೆ ಬರೆಯುವವನು. ಎಲ್ಲಿ ನಿಂತು ನೋಡಿದಿರಿ, ಎಷ್ಟು ಹೊತ್ತಿಗೆ, ಇನ್ನು ಯಾರು ಇದ್ದರು ಎಂದು ಊರವರನ್ನು ಕೇಳಿ ಕೇಳಿ ನನಗೆ ಬೇರೆ ರೀತಿಯಲ್ಲಿ ಕಥೆ ಹೇಳಲು ಬರದೇ ಹೋಗಿದೆ. ಹೆಂಡತಿ ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಯಿತೇ ಎಂದರೂ ಮೊದಲು ಸ್ಥಳ ಪರಿಶೀಲನೆ ಮಾಡುತ್ತೇನೆ ಎಂದು ಮನೆಯಲ್ಲಿ ನಗುತ್ತಾರೆ. ಆದರೆ ಈ ಒಂದು ಪಂಚನಾಮೆ ಮಾತ್ರ ಆರು ವರ್ಷ ಬಾಕಿ ಉಳಿಯಿತು.

ಕಳೆದ ವಾರ ಹಳೆಯ ಹತ್ಯಾರಗಳ ಪೆಟ್ಟಿಗೆ ತೆಗೆದೆ. ಮತ್ತೊಂದು ಸೈಕಲ್ ಕಟ್ಟಬೇಕೆಂಬ ಆಸೆ ಮರಳಿ ಹುಟ್ಟಿತ್ತು, ಸ್ಪ್ಯಾನರ್‌ಗಳಿಗೆ ತುಕ್ಕು ಹಿಡಿದಿದೆಯೋ ಏನೋ ನೋಡೋಣ ಎಂದು. ಎಣ್ಣೆಯ ವಾಸನೆ ಬಂತು. ಬಟ್ಟೆಯೊಂದನ್ನು ಸರಿಸಿದರೆ ಕೆಳಗೆ ಒಂದು ಅರ. ಕಬ್ಬಿಣ ಉಜ್ಜುವ ಆ ಅರದ ಹಲ್ಲುಗಳ ನಡುವೆ ನೀಲಿ ಬಣ್ಣದ ಪುಡಿ ಇನ್ನೂ ಕೂತಿತ್ತು. ಅದರ ಪಕ್ಕದಲ್ಲಿ ಬಟ್ಟೆಯಲ್ಲಿ ಸುತ್ತಿದ, ಅಂಗೈ ಅಗಲದ ಪೈಪಿನ ತುಂಡು. ಅದನ್ನು ಬಿಚ್ಚಲಿಲ್ಲ. ಬಿಚ್ಚದೆಯೇ ಅದರೊಳಗೆ ಏನಿದೆ ಎಂದು ನನಗೆ ಗೊತ್ತಿತ್ತು.

ಗುಡ್ಡದ ಸೈಕಲ್ಲಿನ ಹುಚ್ಚು ನನಗೆ ನಲವತ್ತರ ಹತ್ತಿರ ಹಿಡಿಯಿತು. ಸಕ್ಕರೆ ಕಾಯಿಲೆ ಬರುವ ಮೊದಲು ಏನಾದರೂ ಮಾಡ್ರಿ ಎಂದು ವೈದ್ಯರು ಅಂದರು. ನಡೆಯಿರಿ ಎಂಬುದು ಅವರ ಅರ್ಥವಾಗಿತ್ತು. ನಾನು ಗೇರಿನ ಸೈಕಲ್ ತಂದೆ. ಮೊದಮೊದಲು ಗೋಗಿಯ ಕಡೆ ಕಾಲುವೆಯ ಏರಿಯ ಮೇಲೆ, ಭತ್ತದ ಗದ್ದೆಗಳ ನಡುವೆ. ಆಮೇಲೆ ಬೆಟ್ಟ. ಬಿಸಿಲು ಏರುವ ಮೊದಲು ಬಂಡೆ ಇನ್ನೂ ತಣ್ಣಗಿರುತ್ತದೆ, ಟೈರು ಅದನ್ನು ಹಲ್ಲಿಯ ಹಾಗೆ ಹಿಡಿಯುತ್ತದೆ. ಇಳಿಯುವಾಗ ಒಂದೇ ಪಾಠ: ಹೋಗಬೇಕಾದ ದಾರಿಯನ್ನು ನೋಡಬೇಕು, ಕಲ್ಲನ್ನು ನೋಡಬಾರದು. ಕಲ್ಲನ್ನು ನೋಡಿದರೆ ಸೈಕಲ್ಲು ಕಲ್ಲಿಗೇ ಹೋಗುತ್ತದೆ. ಕಚೇರಿಯಲ್ಲಿ ವರ್ಷವಿಡೀ ಕಲ್ಲುಗಳನ್ನೇ ನೋಡುವವನಿಗೆ ಇದು ಎಂಥ ಸುಖ ಎಂದು ನಾನು ವಿವರಿಸಲಾರೆ.

ಜೊತೆಗಿದ್ದವರು ರೇಣುಕಾ ಮೇಡಂ. ಹೈಸ್ಕೂಲಿನಲ್ಲಿ ಆಟದ ಟೀಚರು, ಗೋಗಿಯವರು. ನನಗಿಂತ ಹತ್ತು ವರ್ಷ ಚಿಕ್ಕವರು, ಹತ್ತು ಪಟ್ಟು ಧೈರ್ಯ. ನಾನು ಇಳಿದು ಕೈಯಿಂದ ತಳ್ಳುವ ಕಡೆ ಅವರು ಕೂತೇ ಇಳಿಯುತ್ತಿದ್ದರು. "ಕಾರಕೂನ ಸಾಹೇಬ್ರ, ಸೈಕಲ್ ನೀವು ಹೊಡಿಯಾಕತ್ತೀರೋ, ಸೈಕಲ್ಲs ನಿಮ್ಮನ್ನ ಅಡ್ಡಾಡಸಾಕತ್ತದೋ?" ಎಂದು ಕೆಳಗಿನಿಂದ ಕೂಗುವರು.

ಆ ಬದಿಯಲ್ಲಿ ಆಡು ಕಾಯುವ ಮಾಳಮ್ಮ ಪ್ರತಿ ಭಾನುವಾರ ಸಿಗುತ್ತಿದ್ದಳು. ಅವಳಿಗೆ ನಮ್ಮದು ಬಗೆಹರಿಯದ ವಿಷಯ.

"ತಮ್ಮಾ, ಮ್ಯಾಲ ಹೋಗಿ ಏನ ತರ್ತೀರೋ?"

"ಏನೂ ಇಲ್ಲಬೇ."

"ಏನೂ ಇಲ್ಲದಕ ಇಷ್ಟು ಬೆವರೇನು? ನನ್ನ ಆಡs ಶಾಣ್ಯಾ ಅದಾವ ತಗೋ. ತಿನ್ನಾಕ ತಪ್ಪಲ ಇದ್ದಲ್ಲಿ ಅಷ್ಟs ಹತ್ತತಾವ."

ಸ್ವಂತ ಅಳತೆಯ ಸೈಕಲ್ ಕಟ್ಟಿಸುವ ಯೋಚನೆ ಬಂದದ್ದು ನನ್ನ ಮೈಕಟ್ಟಿನಿಂದ. ನನಗೆ ಮುಂಡ ಉದ್ದ, ಕಾಲು ಗಿಡ್ಡ. ಅಂಗಡಿಯ ಸೈಕಲ್ಲಿನಲ್ಲಿ ಕಾಲು ಸರಿಹೋದರೆ ಬೆನ್ನು ಗೂನಾಗುತ್ತದೆ, ಬೆನ್ನು ಸರಿಹೋದರೆ ಕಾಲು ಪೆಡಲಿಗೆ ಎಟುಕುವುದಿಲ್ಲ. ಹಾಗಾಗಿ ಮೋನಪ್ಪನ ಹತ್ತಿರ ಹೋದೆ. ಶಹಾಪುರದಲ್ಲಿ ಅವನ ಬೆಸುಗೆಯ ಅಂಗಡಿ. ಕೂರಿಗೆ, ಕುಂಟೆ, ಟ್ರ್ಯಾಕ್ಟರಿಗೆ ಟ್ರೇಲರ್ ಸಿಕ್ಕಿಸುವ ಕೊಂಡಿ ಅವನ ಕೆಲಸ. ಹತ್ತಿಯ ಮೂಟೆ ಒಟ್ಟಿಕೊಂಡು ಇಳಿಜಾರಿನಲ್ಲಿ ಬರುವ ಟ್ರೇಲರ್ ಆ ಒಂದು ಕೊಂಡಿಯನ್ನೇ ನಂಬಿ ಬರುತ್ತದೆ. "ಮೋನಪ್ಪನ ಕೊಂಡಿ" ಎಂದರೆ ಆಗ ಸುತ್ತಲ ಊರುಗಳಲ್ಲಿ ಯಾರೂ ಮತ್ತೊಂದು ಮಾತು ಕೇಳುತ್ತಿರಲಿಲ್ಲ.

ಅವನು ನನ್ನ ಸುತ್ತ ತಿರುಗಿ ನೋಡಿದ. "ಏನ್ರಿ ಸಾಹೇಬ್ರ, ಕುಂತ್ರ ಆಳೆತ್ತರ, ನಿಂತ್ರ ಮೊಳೆತ್ತರ ಅದೀರಿ!" ಎಂದ. ಆಮೇಲೆ ಹುರಿಯಿಂದ ನನ್ನ ತೊಡೆ, ಬೆನ್ನು, ತೋಳು ಅಳೆದು ಹುರಿಗೆ ಗಂಟು ಹಾಕಿದ. ಪುಸ್ತಕದಲ್ಲಿ ಬರೆದುಕೊಳ್ಳಬಾರದೇ ಎಂದೆ. "ಎತ್ತಿನ ಹೆಗಲು ನೋಡಿ ನೊಗ ಮಾಡ್ತೀವ್ರಿ. ಪುಸ್ತಕ ನೋಡಿ ಮಾಡಾಂಗಿಲ್ಲ." ನೆಲದ ಮೇಲೆ ಇದ್ದಿಲಿನಿಂದ ಸೈಕಲ್ಲಿನ ಚಿತ್ರ ಬರೆದು, ಅದರ ಮೇಲೆ ನನ್ನನ್ನು ಮಲಗಿಸಿ ಮತ್ತೊಮ್ಮೆ ನೋಡಿದ. ಚಹಾ ಕುಡಿಯಲು ಬಂದವರೆಲ್ಲ ನಕ್ಕರು. ನಾನೂ ಮಲಗಿಕೊಂಡೇ ನಕ್ಕೆ.

ಮುಂದಿನ ಎರಡು ತಿಂಗಳು ನನ್ನ ಬದುಕಿನ ಒಳ್ಳೆಯ ದಿನಗಳು. ಹೈದರಾಬಾದಿನಿಂದ ಸ್ಪ್ರಿಂಗಿನ ಫೋರ್ಕು, ಗೇರು, ಚಕ್ರಗಳು ರೈಲಿನಲ್ಲಿ ಬಂದವು. ಯಾದಗಿರಿ ಸ್ಟೇಷನ್ನಿಗೆ ಹೋಗಿ, ಬಸ್ಸಿನಲ್ಲಿ ಚಕ್ರವನ್ನು ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ತಂದೆ. ಮೋನಪ್ಪ ತೆಳ್ಳನೆಯ ಉಕ್ಕಿನ ಪೈಪುಗಳನ್ನು ಕೊಯ್ದು, ಒಂದರ ಬಾಯಿ ಇನ್ನೊಂದರ ಮೈಗೆ ಕೂರುವ ಹಾಗೆ ಕೊರೆದು, ಗ್ಯಾಸಿನ ಉರಿಯಲ್ಲಿ ಬೆಸೆದ. ಬೆಸುಗೆಯ ಗೆರೆ ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಕೂತಿತ್ತು.

ಕೊಡುವಾಗ ಅವನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ.

"ಬಣ್ಣ ಹಚ್ಚಬ್ಯಾಡ್ರಿ. ಈ ಅಮಾಸಿಯಿಂದ ಮುಂದಿನ ಅಮಾಸಿ ತನಕ ಬರೀ ಮೈಲೆ ಓಡಸ್ರಿ. ಆಮ್ಯಾಲ ತರ್ರಿ, ನಾ ನೋಡ್ತೀನಿ. ಎಲ್ಲರೆ ಸೀಳು ಬಿಟ್ಟಿದ್ರ ಬರೀ ಕಬ್ಬಣ ಹೇಳ್ತದ. ಬಣ್ಣ ಹೇಳಾಂಗಿಲ್ಲ."

ಕೂರಿಗೆಗೂ, ಕೊಂಡಿಗೂ ಅವನದು ಇದೇ ಕಾಯಿದೆ. ನಾನು ಹೂಂ ಅಂದೆ.

ಮನೆಗೆ ತಂದು ಗೋಡೆಗೆ ಒರಗಿಸಿ ನೋಡಿದೆ. ಫೋನಿನಲ್ಲಿ ಪರದೇಶದ ಸೈಕಲ್ಲುಗಳ ಚಿತ್ರ ನೋಡಿ ನೋಡಿ ನನ್ನ ಕಣ್ಣು ಕೆಟ್ಟಿತ್ತು. ಅಲ್ಲಿ ಪೈಪಿಗೆ ಪೈಪು ಸೇರುವ ಜಾಗ ಬೆಣ್ಣೆ ಸವರಿದಂತೆ ನುಣುಪು. ನನ್ನದರ ಬೆಸುಗೆ ಹೊಲಿದ ಗಾಯದ ಹಾಗೆ ಉಬ್ಬಿ ಕಂಡಿತು. ಅವರದು ಬೇರೆ ಬಗೆಯ, ಹಿತ್ತಾಳೆಯ ಬೆಸುಗೆ, ಉಜ್ಜಿದರೆ ನಡೆಯುತ್ತದೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಒಂದು ಭಾನುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಅಂಗಳದಲ್ಲಿ ಕೂತು ಅರದಿಂದ ಆ ಉಬ್ಬುಗಳನ್ನೆಲ್ಲ ಉಜ್ಜಿದೆ. ಹ್ಯಾಂಡಲಿನ ಕೆಳಗೆ, ಕೆಳಪೈಪು ಬಂದು ಸೇರುವ ಜಾಗವನ್ನು ಎಲ್ಲಕ್ಕಿಂತ ಹೆಚ್ಚು ಉಜ್ಜಿದೆ, ಏಕೆಂದರೆ ಚಿತ್ರ ತೆಗೆದರೆ ಅದು ಎದ್ದು ಕಾಣುತ್ತದೆ. ನೀಲಿ ಬಣ್ಣ ಹಚ್ಚಿದೆ. ಒಂದೆರಡು ಕಡೆ ಮನಸ್ಸಿಗೆ ಬರದೆ ಮತ್ತೆ ಅರ ಹಾಕಿ, ಮತ್ತೆ ಹಚ್ಚಿದೆ. ಅಮಾವಾಸ್ಯೆಗೆ ಇನ್ನೂ ಬಹಳ ದಿನವಿತ್ತು.

ಮೂರು ವಾರ ಹೊಡೆದೆ. ಅದರಷ್ಟು ಚೆಂದದ ಸೈಕಲ್ಲು ನಾನು ಎಂದೂ ಹೊಡೆದಿಲ್ಲ. ಮೊದಲ ಸಲ ನನ್ನ ಮೈ ನನಗೆ ಸರಿಯಾದ ಅಳತೆಯದು ಅನ್ನಿಸಿತು. ಮೂರನೆಯ ವಾರ ಮುಂದಿನಿಂದ ಕಿರ್ ಎಂಬ ಸಣ್ಣ ಸದ್ದು ಬರತೊಡಗಿತು. ಎಣ್ಣೆ ಬಿಟ್ಟೆ. ಇದನ್ನೂ ಬರೆಯಲೇಬೇಕು: ಸದ್ದು ಕೇಳಿದ್ದೆ.

ಆ ಭಾನುವಾರ ರೇಣುಕಾ ಮೇಡಂ ಅಂದರು, "ಒಂದು ಸಲ ನನಗ ಕೊಡ್ರಿ. ಕುದುರಿ ಕಟ್ಟಿ ಹಾಕಿದ್ರ ಪಾಪ ಹತ್ತತದ." ಕೊಟ್ಟೆ. ನನ್ನದನ್ನು ಅವರು ಹೊಡೆಯುವ ಚಿತ್ರ ಬೇಕಿತ್ತು. ಕೆಳಗೆ ಬಂದು, ಮೊದಲು ಹೇಳಿದ ಜಾಗದಲ್ಲಿ ನಿಂತೆ.

ಮೊದಲು ಬಂದದ್ದು ಶಬ್ದ, ಒಣಗಿದ ಜೋಳದ ದಂಟು ಮುರಿದಂತೆ. ಮುಂದಿನ ಚಕ್ರ ಹ್ಯಾಂಡಲಿನ ಸಮೇತ ಬೇರೆಯಾಗಿ ಎಡಕ್ಕೆ ಹೋಯಿತು. ಉಳಿದ ಸೈಕಲ್ಲು ನೆಲಕ್ಕೆ ಕುತ್ತಿಗೆ ಕೊಟ್ಟಿತು. ಅವರು ಅದರ ಮೇಲಿಂದ ಹಾರಿ, ಎಡಗೈ ಅಡಿಯಾಗಿ ಬಿದ್ದರು. ನನ್ನಿಂದ ಎಂಟು ಹೆಜ್ಜೆ ದೂರ. ಮಾಳಮ್ಮ ನನಗಿಂತ ಮೊದಲು ಓಡಿಬಂದು ಅವರ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡಳು.

ನಾನೂ ಓಡಿದೆ. ಓಡಿ, ಎಲ್ಲಿ ಹೋಗಿ ನಿಂತೆ ಎಂಬುದೇ ಈ ಪಂಚನಾಮೆಯ ವಿಷಯ. ಮುರಿದ ಜಾಗದ ಹತ್ತಿರ ನಿಂತೆ. ನೀಲಿ ಬಣ್ಣ ಸೀಳಿ, ಒಳಗೆ ಪೈಪು ಕಾಗದದಷ್ಟು ತೆಳ್ಳಗಾಗಿ ಹರಿದದ್ದು ಬಿಸಿಲಿನಲ್ಲಿ ಹೊಳೆಯುತ್ತಿತ್ತು. ಅರದ ಗೆರೆಗಳು ಎಣಿಸುವಷ್ಟು ಸ್ಪಷ್ಟವಿದ್ದವು. ಹೆಗಲ ಮೇಲಿದ್ದ ಟವೆಲ್ ತೆಗೆದು ಅದರ ಮೇಲೆ ಹೊದಿಸಿದೆ.

"ತಮ್ಮಾ," ಎಂದಳು ಮಾಳಮ್ಮ, "ಕಬ್ಬಣಕ ಚಳಿ ಆಗೈತೇನು? ಟವಲ್ ಇತ್ತ ಕೊಡು. ಈಕಿ ಕೈ ಕಟ್ಟಬೇಕು."

ಕೊಟ್ಟೆ. ಟವೆಲ್ ಎತ್ತಿದಾಗ ಅವಳು ಆ ಜಾಗವನ್ನು ನೋಡಿದಳು. ಕುರಿಯ ಉಣ್ಣೆ ಕತ್ತರಿಸುವ ಮನೆತನದವಳು, ಕಬ್ಬಿಣ ಸವೆದದ್ದು ಅವಳಿಗೆ ತಿಳಿಯುತ್ತದೆ. "ಇಲ್ಲಿ ಯಾರೋ ಉಜ್ಜ್ಯಾರ ನೋಡು," ಎಂದಳು. ರೇಣುಕಾ ಮೇಡಂ ಕಣ್ಣು ತೆರೆದೇ ಇದ್ದರು. ಅವರು ನನ್ನ ಕೈಯನ್ನು ನೋಡುತ್ತಿದ್ದರು.

ಅವರ ಕಾಲರ್ ಎಲುಬು, ಎಡಗೈ ಮಣಿಕಟ್ಟು ಮುರಿದಿದ್ದವು. ಆಸ್ಪತ್ರೆಯ ಪಡಸಾಲೆಯಲ್ಲಿ ಅವರ ಅಣ್ಣ ಕೇಳಿದ, "ಯಾರ ಬೆಸುಗಿ ಅದು?" ನಾನು ಹೇಳಿದೆ, "ಮೋನಪ್ಪಂದು." ಅಷ್ಟೇ. ಸುಳ್ಳು ಪಂಚನಾಮೆ ಬರೆಯಲು ಸುಳ್ಳು ಬರೆಯಬೇಕಾಗಿಲ್ಲ; ಒಂದು ಸಾಲು ಬಿಟ್ಟರೆ ಸಾಕು.

ಅಣ್ಣ ಅಂಗಡಿಗೆ ಹೋಗಿ ಬೈದ. ಸಂಜೆಯೊಳಗೆ ಮಾತು ಬಸ್ ಸ್ಟ್ಯಾಂಡಿಗೆ ಬಂತು: ಮೋನಪ್ಪನ ಬೆಸುಗಿ ಬಿಡ್ತಂತ. ಸೈಕಲ್ಲೇ ತಡೆಯದವನು ಟ್ರೇಲರ್ ತಡೆಯುತ್ತಾನೆಯೇ? ಎಂಟು ದಿನಕ್ಕೆ ಮೋನಪ್ಪ ನಮ್ಮ ಮನೆಗೆ ಬಂದ. ಒಳಗೆ ಬರಲಿಲ್ಲ. "ಆ ಮುರದ ತುಂಡು ಒಂದೀಟು ತೋರಸ್ರಿ ಸಾಹೇಬ್ರ. ಎಲ್ಲಿ ತಪ್ಪೇನಿ ನೋಡ್ತೀನಿ," ಎಂದ. ಗುಜರಿಗೆ ಹಾಕಿಬಿಟ್ಟೆ ಎಂದೆ. ಉಳಿದದ್ದನ್ನು ಹಾಕಿದ್ದೆ, ನಿಜ. ಆ ಜಾಗವನ್ನು ಮಾತ್ರ ಕೊಯ್ದು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದೆ. ಏಕೆ ಎಂದರೆ ಗೊತ್ತಿಲ್ಲ. ಕಾಗದ ಪತ್ರ ಹರಿಯಲಾರದ ಕಾರಕೂನನ ಗುಣವಿರಬೇಕು.

ಆಮೇಲೆ ಮೋನಪ್ಪ ಕೊಂಡಿ ಮಾಡುವುದನ್ನು ಬಿಟ್ಟ. ಕಿಟಕಿಯ ಜಾಲರಿ, ಗೇಟು, ತುಳಸಿಕಟ್ಟೆಯ ಸರಳು. ಗಿರಾಕಿಗಳು ಬಿಟ್ಟದ್ದರಿಂದ ಎಂದು ನಾನು ತಿಳಿದಿದ್ದೆ. ಅವನ ಅಂಗಡಿಯ ದಾರಿ ತಪ್ಪಿಸಿ ಸುರಪುರದ ಬಸ್ಸು ಹಿಡಿಯುತ್ತಿದ್ದೆ.

ಮೊನ್ನೆ ಶನಿವಾರ ಆ ತುಂಡು ಮತ್ತು ಅರ, ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಹೋದೆ. ಅಂಗಡಿಯಲ್ಲಿ ಮೋನಪ್ಪ ಒಬ್ಬನೇ ಇದ್ದ. ಹೇಳಬೇಕಾದ್ದನ್ನು ನಿಂತುಕೊಂಡೇ ಹೇಳಿದೆ. ಅವನು ಕೈ ಒರೆಸಿ ತುಂಡನ್ನು ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದ. ಹೆಬ್ಬೆರಳಿನಿಂದ ಅಂಚು ಸವರಿದ. ಉಜ್ಜದೆ ಉಳಿದಿದ್ದ ಒಂದು ಬದಿಯ ಬೆಸುಗೆಯನ್ನು ಬಹಳ ಹೊತ್ತು ಸವರಿದ. ಅಲ್ಲಿ ಹುರುಪೆಗಳು ಹಾಗೇ ಇದ್ದವು, ಬಿಟ್ಟಿರಲಿಲ್ಲ. ಬೈಯುತ್ತಾನೆ ಎಂದು ಕಾದೆ.

"ಆರು ವರ್ಷ," ಎಂದ. "ಕೊಂಡಿ ಹಚ್ಚಾಕ ಉರಿ ಹಿಡದ್ರ ಕೈ ಮುಂದ ಹೋಗತಿರಲಿಲ್ರಿ. ಇದೂ ಬಿಟ್ರ? ತೆಳಗ ಮಂದಿ ಇದ್ರ? ಊರು ಅಂದಿದ್ದು ಹೋಗ್ಲಿ. ನನ್ನ ಕೈ ಮ್ಯಾಲ ನನಗs ನಂಬಿಕಿ ಇರಲಿಲ್ಲ."

ನಾನು ಕ್ಷಮಿಸು ಎಂದೆ. ಅದು ಅವನಿಗೆ ಕೇಳಿಸಿದಂತೆ ಕಾಣಲಿಲ್ಲ.

"ನನಗೊಬ್ಬನಿಗೆ ಹೇಳಿದ್ರ ಏನ ಬಂತ್ರಿ? ನೀವು ಬರಿಯೋರು ಅದೀರಿ. ಬರದು ಕೊಡ್ರಿ. ಎಲ್ಲಿ ನಿಂತಿದ್ರಿ, ಏನ ಮಾಡಿದ್ರಿ, ಯಾರ್ಯಾರು ನೋಡ್ಯಾರ. ಅಂಗಡ್ಯಾಗ ಹಚ್ಚತೀನಿ. ಓದಾಕ ಬರೋರು ಓದ್ಲಿ, ಬರಲಾರದೋರಿಗೆ ಓದಿ ಹೇಳ್ಲಿ."

ಅರವನ್ನು ನನಗೆ ವಾಪಸು ಕೊಟ್ಟ. ತುಂಡನ್ನು ಕೊಡಲಿಲ್ಲ. ಬಾಗಿಲ ಮೊಳೆಗೆ, ಹೋಗಿ ಬರುವವರಿಗೆ ಕಾಣುವ ಹಾಗೆ ತಂತಿಯಿಂದ ಕಟ್ಟಿದ. ಹೊರಗೆ ಬರುವಾಗ ನೋಡಿದರೆ ಅವನು ಮೂಲೆಯಿಂದ ಒಂದು ಹಳೆಯ ಕೊಂಡಿಯನ್ನು ಎಳೆದು ಬೆಳಕಿಗೆ ತರುತ್ತಿದ್ದ.

ಹೊಸ ಸೈಕಲ್ಲಿನ ಮಾತು ನಾನು ಎತ್ತಲಿಲ್ಲ. ಅವನು ಎತ್ತಿದ ದಿನ ಆಗಲಿ. ಆದರೆ ನಿನ್ನೆ ಭಾನುವಾರ ಹಳೆಯ ಅಂಗಡಿ ಸೈಕಲ್ಲಿನಲ್ಲಿ, ಬೆನ್ನು ಗೂನು ಮಾಡಿಕೊಂಡು, ಬೆಟ್ಟದ ಹಿಂಬದಿಗೆ ಹೋಗಿಬಂದೆ. ಬಂಡೆ ಅಲ್ಲೇ ಇದೆ. ಎರಡು ಹೆಜ್ಜೆ ಸರಿಯಾಗಿದೆ, ಅಳೆದು ನೋಡಿದೆ.

ನಾನು ಟವೆಲ್ಲನ್ನು ಯಾವುದರ ಮೇಲೆ ಹೊದಿಸಿದೆ ಎಂದು ನೋಡಿದವರು ಇಬ್ಬರು. ಒಬ್ಬರು ರೇಣುಕಾ ಮೇಡಂ. ಎಡಗೈ ಈಗಲೂ ಪೂರ್ತಿ ಚಾಚಲು ಬರುವುದಿಲ್ಲ, ಆದರೂ ಗೋಗಿಯ ಕಾಲುವೆ ಏರಿಯ ಮೇಲೆ ಬೆಳಿಗ್ಗೆ ಸೈಕಲ್ ಹೊಡೆಯುತ್ತ ಸಿಗುತ್ತಾರೆ. ಇನ್ನೊಬ್ಬಳು ಮಾಳಮ್ಮ, ಕಣ್ಣು ಸ್ವಲ್ಪ ಮಂಜಾಗಿದೆ, ಆಡುಗಳು ಕಡಿಮೆಯಾಗಿವೆ, ನಿನ್ನೆಯೂ ಅಲ್ಲೇ ಇದ್ದಳು. ಇಬ್ಬರೂ ಬದುಕಿದ್ದಾರೆ. ನನ್ನ ಮಾತು ಸಾಲದು ಅನ್ನುವವರು ಅವರನ್ನು ಕೇಳಬಹುದು.