ಭಾಗೀರಥಿಯ ಬೂದು ನೀರು

ಗಾಂಧಿ ಬಜಾರಿನಲ್ಲಿ ಪೂಜೆ ಸಾಮಾನು ಮಾರುವ ಗ್ರಂಧಿಗೆ ಅಂಗಡಿಯಲ್ಲಿ ಇಂದು ಬಾಯಿಗೆ ಬೆಸುಗೆ ಹಾಕಿದ ಗಂಗಾಜಲದ ಗಿಂಡಿ ಕಂಡು ಚಿಕ್ಕಪ್ಪ ನೆನಪಾದರು.

ವರ್ಷಗಳ ಹಿಂದೆ ಹೇಳದೆ ಮನೆ ಬಿಟ್ಟಿದ್ದ ಅವರು ತಿಂಗಳುಗಳ ಮೇಲೆ ಇಂಥದೇ ಗಿಂಡಿ ಹಿಡಿದು ಶಂಕರಪುರದ ನಮ್ಮ ಮನೆಗೆ ಮರಳಿದ್ದರು. ಹಿಮಾಲಯಕ್ಕೆ ಹೋಗಿದ್ದೆ ಎಂದರೆ ಯಾರೂ ನಂಬಲಿಲ್ಲ.

"ಇದು ಯಾವ ನಲ್ಲಿ ನೀರೋ?" ಎಂದರು ಅಜ್ಜಿ.

"ದೇವಪ್ರಯಾಗದ್ದು ಅಮ್ಮ. ಎರಡು ಕಣಿವೆಯಿಂದ ಎರಡು ನದಿ ಬಂದು ಸೇರ್ತವೆ. ಒಂದು ಹಸಿರು, ಇನ್ನೊಂದು ಭಾಗೀರಥಿ, ಬೂದಿ ಕಲಸಿದ ಹಾಗಿರತ್ತೆ. ಮೇಲೆ ಹಿಮ ಜಾರ್ತಾ ಬೆಟ್ಟಾನ ಅರೆದು ಆ ಹುಡಿ ಕಳಿಸತ್ತೆ."

ಅಜ್ಜಿ ನೀರನ್ನು ಗಾಜಿನ ಲೋಟಕ್ಕೆ ಸುರಿದು ಕಿಟಕಿಯಲ್ಲಿಟ್ಟರು. ಕಳ್ಳನನ್ನು ನೋಡುವ ಹಾಗೆ ನಾವೆಲ್ಲ ಚಿಕ್ಕಪ್ಪನನ್ನೇ ನೋಡುತ್ತಿದ್ದೆವು. ಸಂಜೆಗೆ ತಳದಲ್ಲಿ ಬೂದು ಹುಡಿ ಇಳಿದಿತ್ತು. ಅಜ್ಜಿ ಅದನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಅಲ್ಲಿ ಚಳಿಗೆ ಏನು ಹೊದ್ಕೋತಿದ್ದೆ?" ಎಂದರು. ಚಿಕ್ಕಪ್ಪನ ಕಣ್ಣು ತುಂಬಿತು.

ಯಾಕೆ ಹೋಗಿದ್ದಿರಿ ಎಂದು ಇಂದು ಫೋನಿನಲ್ಲಿ ಕೇಳಿದೆ. ಅವರು ಕಾರಣ ಬಿಟ್ಟು ಕಣಿವೆಯ ಮಾತನ್ನೇ ಆಡಿದರು. ಅವರು ಅಲ್ಲಿಗೆ ಹೋಗಿದ್ದನ್ನು ನಾನಿನ್ನೂ ಪೂರ್ತಿ ನಂಬಿಲ್ಲ.