ಹಬ್ಬಕ್ಕೂ ಆರದ ಫರ್ನೇಸು

ನನ್ನ ಹೆಂಡತಿ ಶೋಭಾ ಹಟಮಾರಿ. ದೂರು ಹೇಳುತ್ತಿಲ್ಲ, ಹೊಗಳುತ್ತಲೂ ಇಲ್ಲ. ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರನ್ನು ಕೇಳಿದರೂ ಇದೇ ಮಾತು. ನೀರಿನ ಟ್ಯಾಂಕರಿನವನೂ ಅವಳೊಂದಿಗೆ ವಾದಕ್ಕೆ ನಿಲ್ಲುವುದಿಲ್ಲ.

ರಾಯಚೂರಿನವಳು. ಇಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಪಾಠ ಹೇಳುತ್ತಾಳೆ. ಅವಳ ಸಂಶೋಧನೆ ಉಕ್ಕಿನದು. ಬಾಯ್ಲರ್ ಪೈಪಿನ ಒಂದು ತುಂಡನ್ನು ಫರ್ನೇಸಿನಲ್ಲಿ, ಅಂದರೆ ಕರೆಂಟಿನ ಕುಲುಮೆಯಲ್ಲಿಟ್ಟು, ಭಾರ ತೂಗುಹಾಕಿ, ಅದು ಕೂದಲೆಳೆಯಷ್ಟೇ ಹಿಗ್ಗುತ್ತಾ ಯಾವಾಗ ತುಂಡಾಗುತ್ತದೆಂದು ನೋಡುವುದು. ಪೈಪು ಒಡೆದರೆ ಪಕ್ಕದಲ್ಲಿ ನಿಂತವನು ಮನೆಗೆ ಬರುವುದಿಲ್ಲ, ಅದಕ್ಕೇ ಅದರ ಆಯಸ್ಸು ಮೊದಲೇ ತಿಳಿದಿರಬೇಕು. ತಿಂಗಳುಗಟ್ಟಲೆ ಬೇಕು. ನಡುವೆ ಒಮ್ಮೆ ತಣ್ಣಗಾದರೆ ಮಾಡಿದ್ದೆಲ್ಲ ನೀರುಪಾಲು.

ಹೋದ ವರ್ಷ ವಿಭಾಗದ ಮುಖ್ಯಸ್ಥ ಸೂರ್ಯನಾರಾಯಣ ಅವರು ಸಂಶೋಧನಾ ಕ್ಷೇತ್ರಗಳ ಹೊಸ ಬೋರ್ಡು ಬರೆಸಿದರು. ರೋಬೋಟು, ಡ್ರೋನು, ಬ್ಯಾಟರಿ, ಎಐ. ಶೋಭಾಳ ಉಕ್ಕು ಮಾತ್ರ ಮಾಯ! ನೀವೂ ಎಐಗೆ ಬಂದುಬಿಡಿ ಮೇಡಂ ಎಂದು ತೆಲುಗಿನಲ್ಲಿ ನಯವಾಗಿ ಹೇಳಿದರಂತೆ. ಕೊಟ್ಟ ಉತ್ತರವನ್ನು ಅವಳು ಮನೆಗೆ ಬಂದು ನಮ್ಮ ಮಾತಿನಲ್ಲಿ ಹೇಳಿದಳು.

"ಬಾಯ್ಲರ್ ಒಡದ್ರ ಎಐ ಮೈ ಸುಡೂದಿಲ್ಲ ಸರ್, ಮಂದಿ ಮೈ ಸುಡತೈತಿ ಅಂದೆ."

ಕೊನೆಗೆ ವಿಭಾಗದ ಸಮಿತಿಯವರು ಒಂದು ತೀರ್ಮಾನ ಮಾಡಿದರು. ಶುರುವಾದ ಪರೀಕ್ಷೆ ಮುಗಿಯುವ ತನಕ ಪ್ರಯೋಗದ ಕೋಣೆ ಅವಳದು, ಆಮೇಲೆ ಡ್ರೋನಿನವರದು. ಅಂದರೆ ಫರ್ನೇಸು ಉರಿಯುವಷ್ಟು ದಿನ ಮಾತ್ರ ಅವಳ ವಿದ್ಯೆಗೆ ಜಾಗ.

ಅಷ್ಟರಲ್ಲಿ ಆಯುಧಪೂಜೆ ಬಂತು. ಎಲ್ಲ ಯಂತ್ರ ನಿಲ್ಲಿಸಿ ಪೂಜೆ ಮಾಡಬೇಕೆಂದು ಮುಖ್ಯಸ್ಥರ ಅಪ್ಪಣೆ. ನಾನೋ ಬಾಲಾನಗರದ ಕಾರ್ಖಾನೆಯಲ್ಲಿ ಲೇತ್ ಮುಂದೆ ತಲೆ ಹಣ್ಣಾದವನು. ಆ ದಿನ ಯಂತ್ರ ತಿರುಗಿಸಿದ ಪಾಪ ನನಗಿಲ್ಲ.

"ಒಂದಿನ ಆರಸು. ಪದ್ಧತಿ ಐತಿ," ಎಂದೆ.

"ನಿಮ್ಮ ಲೇತ್ ಮರುದಿನ ಮತ್ತ ತಿರಗತೈತ್ರಿ. ನನ್ನ ತುಂಡು ಆರಿದ್ರ ಮುಗೀತು."

"ದೇವರಿಗಿಂತ ದೊಡ್ಡಾಕಿ ಏನ ನೀ?"

"ಬರ್ರಿ ನನ್ನ ಜೋಡಿ. ನೀವ ಕೇಳ್ರಿ ದೇವರನ್ನ."

ಸಿಟ್ಟಿನಲ್ಲೇ ಹೋದೆ. ಕೋಣೆಯಲ್ಲಿ ಫರ್ನೇಸು ಉರಿಯುತ್ತಿತ್ತು. ಗೋಡೆಯ ಬದಿಗೆ ಅಂಥದೇ ಇನ್ನೊಂದು. ಎರಡರ ಸ್ಟ್ಯಾಂಡಿಗೂ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಶೋಭಾ ಸ್ವಿಚ್‌ಬೋರ್ಡಿಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತಳು. ಸೂರ್ಯನಾರಾಯಣ ಅವರು ಎಲೆಕ್ಟ್ರಿಷಿಯನ್ನನನ್ನು ಕರೆದುಕೊಂಡು ಬಂದರು. ಪೂಜೆಯ ಹೊತ್ತು ಮೀರುತ್ತಿದೆ, ಆರಿಸಿ ಎಂದರು. ಶೋಭಾ ಎದ್ದಳು. ತೆಲುಗಿನಲ್ಲಿ ಅವಳಾಡಿದ್ದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ಸರ್, ನಿಮ್ಮ ಮನ್ಯಾಗ ನಂದಾದೀಪ ಐತಿ ಅಂತ ನೀವ ಹೇಳಿದ್ರಿ. ಹಬ್ಬ ಬಂತಂತ ಅದನ್ನ ಊದಿ ಆರಸ್ತೀರೇನು?"

"ಅದು ಬೇರೆ ಮೇಡಂ."

"ಹ್ಯಾಂಗ ಬ್ಯಾರೆ? ಹೇಳ್ರಿ!"

ಅವರು ಎಲೆಕ್ಟ್ರಿಷಿಯನ್ನನಿಗೆ ಸ್ವಿಚ್ ಕಡೆ ಕಣ್ಣಲ್ಲೇ ಸನ್ನೆ ಮಾಡಿದರು. ಆಗ ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಜಗಳವಾಡಿದರೆ ಅದು ನಮ್ಮ ಮನೆಯ ಮಾತು, ಇವರು ಯಾರು ನನ್ನ ಹೆಂಡತಿಯ ದೀಪ ಆರಿಸಲು? ಚಪ್ಪಲಿ ಬಿಟ್ಟು, ಪೂಜೆಯ ತಟ್ಟೆಯಲ್ಲಿದ್ದ ಕರ್ಪೂರ ಹಚ್ಚಿ, ಎದುರಿನ ಫರ್ನೇಸಿಗೆ ಆರತಿ ಎತ್ತಿದೆ. ಗೋಡೆಯ ಬದಿಯದಕ್ಕೂ ಬೆಳಗಿದೆ. ಆಮೇಲೆ ತಟ್ಟೆಯನ್ನು ಎಲೆಕ್ಟ್ರಿಷಿಯನ್ನನ ಮುಂದೆ ಹಿಡಿದೆ. ಅವನು ಎರಡೂ ಕೈಯಿಂದ ಆರತಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಮುಖ್ಯಸ್ಥರ ಮುಂದೆ ಹಿಡಿದೆ. ಅಭ್ಯಾಸಬಲ ನೋಡಿ, ಅವರ ಕೈಯೂ ತಾನಾಗಿಯೇ ಮುಂದೆ ಬಂತು. ಆರತಿ ತೆಗೆದುಕೊಂಡ ಬೆಂಕಿಯನ್ನು ಅದೇ ಕೈಯಿಂದ ಯಾರು ಆರಿಸುತ್ತಾರೆ? ಇಬ್ಬರೂ ಹೊರಟುಹೋದರು.

ವಾಪಸು ಬರುವಾಗ ಮೆಟ್ರೋದಲ್ಲಿ ನನಗೆ ಚಿಂತೆ ಹತ್ತಿತು.

"ಅಲ್ಲ ಶೋಭಾ, ಇವತ್ತೇನೋ ಉಳೀತು. ಆ ತುಂಡು ಹರದ ದಿನ ಕೋಣೆ ಹೋಗತೈತಲ್ಲ?"

ಅವಳು ಪ್ರಸಾದದ ಬಾಳೆಹಣ್ಣು ಸುಲಿಯುತ್ತಿದ್ದಳು.

"ಗೋಡೆ ಬಾಜೂಕ ಇನ್ನೊಂದು ಇತ್ತಲ್ರಿ, ನೀವು ಆರತಿ ಬೆಳಗಿದ್ದು? ಅದನ್ನ ನಿನ್ನೆ ಶುರು ಮಾಡೀನಿ. ಶುರುವಾದ ಪರೀಕ್ಷೆ ಮುಗಿಯೂ ತನಕ ಕೋಣೆ ನಂದು ಅಂದಾರಲ್ಲ. ಇದು ಹರಿಯೂದ್ರಾಗ ಮೂರನೇದು ಹಚ್ಚತೀನಿ," ಎಂದು ಅರ್ಧ ಹಣ್ಣು ನನ್ನ ಕೈಗಿಟ್ಟಳು.