ಬುಲ್‌ಬುಲ್ ಮತ್ತು ಬೇವಿನ ಹೂವು

ಅರ್ಥವಾಗದ ಮಾತನ್ನು ಗಟ್ಟಿಯಾಗಿ ಹೇಳುವವನಿಗೆ ಜನ ಭಾಳ ಮರ್ಯಾದೆ ಕೊಡುತ್ತಾರೆ. ವಕೀಲರೂ ಜ್ಯೋತಿಷಿಗಳೂ ಈ ಗುಟ್ಟನ್ನು ಮೊದಲಿನಿಂದ ಬಲ್ಲರು. ನನಗೆ ಅದು ತಿಳಿದದ್ದು ಮೆಟ್ರಿಕ್ ಪರೀಕ್ಷೆಗೆ ಓದುವಾಗ.

ಆಗ ನಿಜಾಮರ ರಾಜ್ಯ. ನಮ್ಮೂರು ಚಿತ್ತಾಪುರ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಕನ್ನಡಕ್ಕೆ ದಖನಿ ಉರ್ದು ಕಲಸಿದ ಮಾತು. ಆದರೆ ಹೈದರಾಬಾದಿನ ಕಾಲೇಜಿನ ಬಾಗಿಲು ತೆರೆಯಬೇಕಾದರೆ ಉರ್ದುವಿನಲ್ಲಿ ಪರೀಕ್ಷೆ ಬರೆಯಬೇಕು. ಅದು ಪೇಟೆಯ ಉರ್ದುವಲ್ಲ ಮತ್ತೆ. ಅರಬ್ಬಿ, ಫಾರಸಿಯ ಜರಿ ಹಚ್ಚಿಕೊಂಡು ಕಾಲು ನೆಲಕ್ಕೆ ತಾಕದಂತೆ ನಡೆಯುವ ಉರ್ದು. ನಮ್ಮ ಸೀಮೆಯಲ್ಲಿ ಅದನ್ನು ಆಡುವವರು ಯಾರೂ ಇರಲಿಲ್ಲ. ಬಹುಶಃ ಅದಕ್ಕೇ ಅದರಲ್ಲಿ ಪರೀಕ್ಷೆ ಇಟ್ಟಿದ್ದರು.

ಕಲಿಸಲು ಉತ್ತರದ ಕಡೆಯಿಂದ ಬಂದ ಒಬ್ಬ ಉಸ್ತಾದರಿದ್ದರು. ಸೂರ್ಯನಿಗೆ ಒಂದು ಹೆಸರು ಸಾಲದು ಎನ್ನುವುದು ಅವರ ಅಭಿಪ್ರಾಯ. ಚಂದ್ರನಿಗೂ ಸಾಲದು. ದಿನಾ ಒಂದಿಷ್ಟು ಶಬ್ದ ಬಾಯಿಪಾಠ ಮಾಡಿ ಒಪ್ಪಿಸಬೇಕು. ಅರ್ಥ ಕೇಳಿದರೆ ಇನ್ನೆರಡು ಶಬ್ದ ಹೇಳುತ್ತಿದ್ದರು, ಅವುಗಳ ಅರ್ಥವೂ ನನಗೆ ಗೊತ್ತಿರುತ್ತಿರಲಿಲ್ಲ. ಕಲಿತದ್ದನ್ನು ಬಳಸಬೇಕು ಎಂದು ಅವರು ಹೇಳಿದ್ದರಿಂದ ಒಂದು ದಿನ ನಾನು ಅಡುಗೆಮನೆಯಲ್ಲಿ ಕೂತು, "ಅವ್ವಾ, ಆಬ್!" ಎಂದೆ. ಆಬ್ ಎಂದರೆ ನೀರು. ರೊಟ್ಟಿ ಬಡಿಯುತ್ತಿದ್ದ ಅವ್ವ ತಿರುಗಿ ನೋಡಿ, "ಯಾಕೋ, ಹಲ್ಲು ನೂಸಾಕತ್ತದೇನು? ಲವಂಗ ಇಟ್ಕೋ" ಎಂದಳು. ವಿದ್ಯೆಯ ಮಾನ ಉಳಿಸಲು ನಾನು ನೀರು ಕುಡಿಯದೆ ಲವಂಗ ಕಚ್ಚಿಕೊಂಡು ಕೂತೆ.

ಹಾಗೆ ನೋಡಿದರೆ ನಮ್ಮ ಅವ್ವನ ಬಾಯಲ್ಲಿ ಆ ಕಡೆಯ ಮಾತುಗಳೇನು ಕಡಿಮೆ ಇದ್ದವೇ? ಜಮೀನು, ಅರ್ಜಿ, ಸಾಬೂನು, ಖುಷಿ! ಇವನ್ನು ಯಾವ ಉಸ್ತಾದರೂ ಅವಳಿಗೆ ಬಾಯಿಪಾಠ ಮಾಡಿಸಿರಲಿಲ್ಲ. ಬೀಗರ ಹಾಗೆ ಬಂದವು, ಉಂಡವು, ಮನೆಯವೇ ಆದವು. ಪರೀಕ್ಷೆಯ ಶಬ್ದಗಳು ಮಾತ್ರ ಸರಕಾರಿ ಅಮೀನರ ಹಾಗೆ ಬರುತ್ತಿದ್ದವು. ಅವು ಬಂದರೆ ಮನೆಯವರೆಲ್ಲ ಎದ್ದು ನಿಲ್ಲಬೇಕು.

ನನ್ನ ಜೊತೆ ಓದುತ್ತಿದ್ದವನು ಖಾದರ. ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವನ ತಾಯಿ ಹಲೀಮಾಬಿಯನ್ನು ನಾನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. "ಖಾದರಗೇನ್ ಬಿಡ್ರಿ, ಅವ್ರದೇ ಭಾಷಾ, ಪಾಸಾಗ್ತಾನ" ಎಂದು ಊರೆಲ್ಲ ತೀರ್ಮಾನಿಸಿತ್ತು. ಆದರೆ ಅವನ ಮನೆಯ ಮಾತು ನಮ್ಮ ಪೇಟೆಯ ದಖನಿ. ಬೇಡ ಎನ್ನಲು ಅವರು 'ನಕ್ಕೊ' ಎನ್ನುತ್ತಾರೆ, ಹೂವುಗಳಿಗೆ 'ಫೂಲಾಂ' ಎನ್ನುತ್ತಾರೆ. ಒಂದು ದಿನ ಪಾಠದ ನಡುವೆ ಅವನ ಬಾಯಿಂದ ನಕ್ಕೊ ಬಿತ್ತು. ಉಸ್ತಾದರು ಬೆತ್ತ ಎತ್ತಿ, ಇದು ಎಲ್ಲಿಯ ಭಾಷೆ ಎಂದು ಕೇಳಿದರು.

"ನಮ್ಮ ಅಮ್ಮನ ಭಾಷೆ, ಹುಜೂರ್" ಎಂದ ಖಾದರ.

"ಹಾಗಾದರೆ ನಿನ್ನ ಅಮ್ಮನಿಗೂ ಉರ್ದು ಬರುವುದಿಲ್ಲ" ಎಂದು ಉಸ್ತಾದರು ಬಾರಿಸಿದರು.

ದಾರಿಯಲ್ಲಿ ಖಾದರ ಅಂಗೈಗೆ ಗಾಳಿ ಊದಿಕೊಳ್ಳುತ್ತ, "ಶರಣಾ, ನಿನಗ ಬರಲಿಲ್ಲಂದ್ರ ಪರಭಾಷಾ, ಪಾಪ ಅಂತಾರ. ನನಗ ಬರಲಿಲ್ಲಂದ್ರ ನಮ್ಮ ಅಮ್ಮಾಗ ಬೈತಾರ" ಎಂದ. ಅಷ್ಟೊಂದು ಶಬ್ದ ಕಲಿತಿದ್ದೆ, ಅವನನ್ನು ಸಮಾಧಾನ ಮಾಡಲು ಒಂದೂ ಕೆಲಸಕ್ಕೆ ಬರಲಿಲ್ಲ.

ವಾಡಿಯಲ್ಲಿ ಗಾಡಿ ಬದಲಿಸಿ ಕಲಬುರಗಿಗೆ ಹೋಗಿ ಪರೀಕ್ಷೆಗೆ ಕೂತೆವು. ಪ್ರಬಂಧಕ್ಕೆ ವಿಷಯ ವಸಂತ ಋತು. ನಮ್ಮಲ್ಲಿ ವಸಂತ ಎಂದರೆ ನೆಲಕ್ಕೆ ಹಾಸಿದ ಶಹಾಬಾದಿನ ಪರಸಿ ಕಲ್ಲು ಅಂಗಾಲು ಸುಡಲು ಶುರುವಾಗುವ ಕಾಲ. ಆದರೂ ನಾನು ಬಾಯಿಪಾಠದ ತೋಟದೊಳಗೆ ನುಗ್ಗಿದೆ. ಇಬ್ಬನಿ ಸುರಿಸಿದೆ. ತಂಗಾಳಿ ಬೀಸಿಸಿದೆ. ಗುಲಾಬಿಗೆ ಮನಸೋತು ಅಳುವ ಬುಲ್‌ಬುಲ್ ಹಕ್ಕಿಯನ್ನು ಪುಟದುದ್ದಕ್ಕೂ ಅಳಿಸಿದೆ. ನಮ್ಮ ಹಿತ್ತಿಲಿನ ಬುಲ್‌ಬುಲ್ ಹಕ್ಕಿಗಳು ಹಣ್ಣು ಕುಕ್ಕುವುದನ್ನು ನೋಡಿದ್ದೆ. ಅಳುವುದನ್ನು ಯಾರೂ ಕಂಡಿರಲಿಲ್ಲ.

ಖಾದರ ತಾನು ಕಂಡದ್ದನ್ನು ಬರೆದ. ಅಂಗಳಕ್ಕೆ ಬೇವಿನ ಹೂವು ಉದುರುವುದು, ಅವನ ಅಮ್ಮ ಬೆಳಗಿನ ಹೊತ್ತು ಅವನ್ನು ಗುಡಿಸಲು ಮನಸ್ಸಾಗದೆ ಪೊರಕೆ ಹಿಡಿದು ನಿಲ್ಲುವುದು, ಭಾವಿಯ ನೀರು ಇಳಿದಂತೆ ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕುವುದು. ಹೊರಗೆ ಬಂದು ನನಗೆ ಹೇಳಿದಾಗ ಒಂದು ಗಳಿಗೆ ನನ್ನ ಮೂಗಿಗೆ ಬೇವಿನ ವಾಸನೆ ಬಂತು. ಫೂಲಾಂ ಎಂದೇ ಬರೆದಿದ್ದ.

ನಾನು ಪಾಸಾದೆ. ಅವನು ಉರ್ದುವಿನಲ್ಲಿ ನಪಾಸಾದ.

ಊರವರು ನನ್ನನ್ನು ಹೊಗಳಲು ಬಂದರು, ಅವನನ್ನು ಹಂಗಿಸಲು ಹೋದರು. ಎರಡೂ ಕಡೆ ಅದೇ ಜನ, ಅದೇ ಸಂಜೆ. ಮರುದಿನದಿಂದ ಖಾದರ ಮನೆಯಲ್ಲೂ ಪರೀಕ್ಷೆಯ ಉರ್ದುವನ್ನೇ ಆಡತೊಡಗಿದ. ಖಾಲಾ ಬಾಯಿ ತೆರೆದರೆ, "ಹಾಗನ್ನಬಾರದು" ಎಂದು ತಿದ್ದುತ್ತಿದ್ದ. ಉಪ್ಪು ಕೇಳಿದರೂ ತಿದ್ದುಪಡಿ. ಕೊನೆಗೆ ಖಾಲಾ ಅವನಿದ್ದಾಗ ಮಾತೇ ನಿಲ್ಲಿಸಿದಳು. ಏನಾದರೂ ಹೇಳಬೇಕೆನಿಸಿದರೆ ಹಿತ್ತಿಲಿಗೆ ಹೋಗಿ ಅಲ್ಲಿ ಕಟ್ಟಿದ್ದ ಆಡಿಗೆ ಹೇಳುತ್ತಿದ್ದಳು. ನಾನು ಹೈದರಾಬಾದಿನ ಕಾಲೇಜಿನಿಂದ ರಜೆಗೆ ಬಂದಾಗ ಗೋಡೆಯ ಮೇಲಿಂದ ಕೇಳಿದೆ, "ಖಾಲಾ, ಆಡಿಗೇನ್ ತಿಳೀತದ?"

"ತಿಳಿಯಂಗಿಲ್ಲ ಬೇಟಾ. ಅದಕ್ಕೇ ನನ್ನ ತಿದ್ದಂಗಿಲ್ಲ" ಎಂದಳು. ನಗುತ್ತಲೇ ಅಂದಳು, ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

ಮುಂದಿನ ವರ್ಷ ಖಾದರ ಪಾಸಾದ. ಏನು ಬರೆದೆ ಎಂದು ಕೇಳಿದೆ. "ನಿನ್ನಂಗ ಬುಲ್‌ಬುಲ್ ಅಳಿಸೀನಿ" ಎಂದ, ಮುಖದಲ್ಲಿ ಗೆದ್ದವನ ಕಳೆ ಇಲ್ಲದೆ.

ಅವನು ಹೈದರಾಬಾದಿಗೆ ಹೊರಟ ದಿನ ನಾನೂ ಜೊತೆಗಿದ್ದೆ. ಖಾಲಾ ಬುತ್ತಿ ಕಟ್ಟಿದಳು, ಅವನ ತಲೆ ಸವರಿದಳು. ಅಷ್ಟು ತಿಂಗಳ ಮೇಲೆ ಅವನೆದುರು ಬಾಯಿ ಬಿಟ್ಟಳು. ನಾನಿದ್ದೆನೆಂದೋ ಏನೋ, ಕನ್ನಡದಲ್ಲೇ:

"ಕಲಿ ಬೇಟಾ, ಎಲ್ಲಾ ಕಲಿ. ರಜಾಕ್ಕ ಬಂದಾಗ ಬಾಗಿಲಾಗ ಕಾಲಾನ ಜೋಡು ಬಿಡ್ತಿಯಲ್ಲ, ಆ ಪರೀಕ್ಷಾದ ಮಾತೂ ಅಲ್ಲೇ ಬಿಟ್ಟು ಒಳಗ ಬಾ. ಅಂಜಬ್ಯಾಡ, ಈ ಊರಾಗ ಆ ಮಾತು ಯಾರೂ ಕದಿಯಂಗಿಲ್ಲ."